ಹೇಗ್ ಕೋರ್ಟ್ ಯಾಕ ಬೇಕ್ರಿ?

ಪ್ರಶ್ನೆ: ಆಳಂದ ನಾಕಾದಾಗ ಚಾ ಕುಡೀತಾ ಕುಂತಾಗ ಮ್ಯಾನ್ಮಾರ್ ಸುದ್ದಿ ಬಂತು, ದೊಡ್ಡ ವಾದಾನೇ ಆಯ್ತು. ನೆದರ್‌ಲ್ಯಾಂಡ್ಸ್‌ನ ಹೇಗ್‌ನಾಗ ಕೇಸ್ ಅದ ಅಂತಾರ, ಆದ್ರ ಅಲ್ಲಿನ ಮಿಲಿಟರಿಯವ್ರ ಕೂದಲೂ ಕೊಂಕಿಲ್ಲ. ಮತ್ತ ಈ ಕೋರ್ಟ್ ಯಾಕ ಬೇಕ್ರಿ ಸರ್?
- ಓದುಗ, ಕಲಬುರಗಿ

ಉತ್ತರ: ಸಿಟ್ಟು ಬರೋದು ಖರೇನೇ ಅದರೀ. ಆದ್ರ ಹೇಗ್‌ನಾಗ ಇರೋ ಕೋರ್ಟ್ ಒಂದಲ್ಲ, ಒಂದು, ಐಸಿಜೆ (ಅಂತರರಾಷ್ಟ್ರೀಯ ನ್ಯಾಯಾಲಯ), ದೇಶಗಳ ಮ್ಯಾಲಿನ ಕೇಸ್ ನೋಡ್ತದ, ಇನ್ನೊಂದು ಮನುಷ್ಯಾರ ಮ್ಯಾಲಿಂದು, ಟಿವಿಯವ್ರು ಎರಡೂ ಕಲಸಿಬಿಡ್ತಾರ. 2017ರಾಗ ಮಿಲಿಟರಿಗೆ ಅಂಜಿ ಮ್ಯಾನ್ಮಾರ್‌ನ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಂ ಮಂದಿ ಬಾಂಗ್ಲಾದೇಶಕ್ಕ ಓಡಿ ಬಂದ್ರು. ದೊಡ್ಡ ದೇಶಗಳು ಬರೇ ಹೇಳಿಕೆ ಕೊಟ್ಕೋತ ಕುಂತಾಗ 2019ರ ನವೆಂಬರ್‌ನಾಗ ಐಸಿಜೆಯಾಗ ಮ್ಯಾನ್ಮಾರ್ ಮ್ಯಾಲ ಕೇಸ್ ಹಾಕಿದ್ದು ಆಫ್ರಿಕಾದ ಪುಟ್ಟ ಗ್ಯಾಂಬಿಯಾ, 1948ರ ನರಮೇಧ ತಡೆ ಒಪ್ಪಂದದಾಗ ಎರಡೂ ದೇಶ ಅವ, ಅದಕ್ಕ ಹಕ್ಕು ಬಂತು. ಸಾಕ್ಷಿ ನಾಶ ಮಾಡಬ್ಯಾಡ್ರಿ, ಮಂದೀನ ಕಾಪಾಡ್ರಿ ಅಂತ 2020ರ ಜನವರಿಯಾಗ ಆದೇಶಾನೂ ಆಯ್ತು.

ಇನ್ನೊಂದು ಕೋರ್ಟ್, ಐಸಿಸಿ (ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ), ಅದರಾಗ ಮ್ಯಾನ್ಮಾರ್ ಮೆಂಬರೇ ಅಲ್ಲ. ಆದ್ರ ಬಾಂಗ್ಲಾದೇಶ ಮೆಂಬರ್, ಮಂದೀನ ಗಡಿ ದಾಟಿಸಿ ಓಡಿಸಿದ್ರ ಅಪರಾಧದ ಒಂದು ಭಾಗ ಬಾಂಗ್ಲಾ ನೆಲದಾಗೇ ಆದಂಗಾಯ್ತಲ್ಲ, ಆ ಎಳಿ ಹಿಡ್ದು ತನಿಖಿ ಶುರು ಮಾಡಿದ್ರು, ವಕೀಲರ ತಲಿ ಮೆಚ್ಚಬೇಕ್ರಿ! 2024ರ ನವೆಂಬರ್‌ನಾಗ ಮ್ಯಾನ್ಮಾರ್‌ನ ಆಗಿನ ಮಿಲಿಟರಿ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಮ್ಯಾಲ ಐಸಿಸಿ ಪ್ರಾಸಿಕ್ಯೂಟರ್ ವಾರಂಟ್ ಕೇಳ್ಯಾರ.

ಹಿಡಿಯೋರು ಯಾರು ಅಂತೀರಿ. ಐಸಿಸಿಗೆ ಸ್ವಂತ ಪೊಲೀಸ್ ಇಲ್ಲ, ಮೆಂಬರ್ ದೇಶಗಳೇ ಹಿಡಿಬೇಕು. ಐಸಿಸಿ ವಾರಂಟ್ ಇದ್ದ ಸೂಡಾನ್‌ನ ಆಗಿನ ಅಧ್ಯಕ್ಷ ಬಶೀರ್ 2015ರಾಗ ದಕ್ಷಿಣ ಆಫ್ರಿಕಾಕ್ಕ ಹೋಗಿ ಆರಾಮಾಗಿ ವಾಪಸ್ ಬಂದ. ಫಿಲಿಪೈನ್ಸ್‌ನ ಮಾಜಿ ಅಧ್ಯಕ್ಷ ಡುಟರ್ಟೆ ಮಾತ್ರ 2025ರ ಮಾರ್ಚ್‌ನಾಗ ಮನಿಲಾ ಏರ್‌ಪೋರ್ಟ್‌ನಾಗೇ ಸಿಕ್ಕಿಬಿದ್ದ, ಅಂದೇ ರಾತ್ರಿ ಹೇಗ್‌ಗೆ ವಿಮಾನ ಹತ್ತಿಸಿದ್ರು.