ರೇಸ್ ಕಾರ್ ಮಾಡೆಲ್: ಮೊದಲು ನಿಲುವು, ಆಮೇಲೆ ಬಿಡಿಭಾಗ

ಪ್ರಶ್ನೆ: 1988ರ ಮೆಕ್‌ಲಾರೆನ್ ಎಂಪಿ4/4 ಫಾರ್ಮುಲಾ ಒನ್ ಕಾರಿನ 1/20 ಅಳತೆಯ ಪ್ಲಾಸ್ಟಿಕ್ ಕಿಟ್ ಜೋಡಿಸುತ್ತಿದ್ದೇನೆ. ಇನ್ನೂ ಬಣ್ಣ ಹಚ್ಚಿಲ್ಲ. ಭಾಗಗಳನ್ನು ಟೇಪ್ ಅಂಟಿಸಿ ಕೂಡಿಸಿ ನೋಡಿದೆ. ಫೋಟೊದಲ್ಲಿರುವ ಕಾರಿನ ಹಾಗೆ ಕಾಣುತ್ತಿಲ್ಲ, ಆಟಿಕೆ ಥರ ಇದೆ. ಲೋಹದ ಬಿಡಿಭಾಗಗಳ ಸೆಟ್ ತಂದು ಹಾಕಿದರೆ ಸರಿಹೋಗುತ್ತದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಸೆಟ್ ತರುವ ಯೋಚನೆ ಸದ್ಯಕ್ಕೆ ಬಿಡಿ. ಬಣ್ಣ ಹಚ್ಚುವ ಮೊದಲೇ ಕೂಡಿಸಿ ನೋಡಿದ್ದೀರಲ್ಲ, ಅದು ಬಹಳ ಒಳ್ಳೆಯದಾಯಿತು. ಈಗ ಏನು ಬೇಕಾದರೂ ತಿದ್ದಬಹುದು.

ಮಾಡೆಲ್ ಆಟಿಕೆಯಂತೆ ಕಾಣುವುದು ಸಣ್ಣ ಭಾಗಗಳು ಕಡಿಮೆಯಾಗಿ ಅಲ್ಲ. ಕಾರು ನೆಲದಿಂದ ಎಷ್ಟು ಎತ್ತರದಲ್ಲಿದೆ, ಚಕ್ರ ಹೇಗೆ ನಿಂತಿದೆ, ವಿಂಗ್‌ನ (ಕಾರಿನ ಮುಂದೆ, ಹಿಂದೆ ಇರುವ ರೆಕ್ಕೆಯ) ಅಂಚು ಎಷ್ಟು ದಪ್ಪ ಇದೆ ಅನ್ನುವುದನ್ನೇ ಕಣ್ಣು ಮೊದಲು ಹಿಡಿಯುವುದು. ಇವು ತಪ್ಪಿದ್ದರೆ ಮೇಲೆ ಎಷ್ಟು ಲೋಹ ಸೇರಿಸಿದರೂ ಪ್ರಯೋಜನ ಇಲ್ಲ.

ಅದಕ್ಕೂ ಮೊದಲು ಒಂದು ತೀರ್ಮಾನ ಮಾಡಿ: ನೀವು ಮಾಡುತ್ತಿರುವುದು ಯಾವ ರೇಸಿನ ಕಾರು? ಎಂಪಿ4/4 ಆ ವರ್ಷದ 16 ರೇಸ್‌ಗಳಲ್ಲಿ 15 ಗೆದ್ದಿತು. ಆದರೆ ವರ್ಷವಿಡೀ ಅದೇ ರೂಪದಲ್ಲಿ ಓಡಲಿಲ್ಲ. ಸೀಸನ್ ಶುರುವಿನಲ್ಲಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊಗೆ ಗಾಳಿ ಎಳೆದುಕೊಳ್ಳುವ ಕೊಳವೆಗಳು ಸೈಡ್‌ಪಾಡ್ (ಡ್ರೈವರ್‌ನ ಎರಡು ಪಕ್ಕದ ಉಬ್ಬಿದ ಭಾಗ) ಮೇಲೆ ಎದ್ದು ಕಾಣುತ್ತಿದ್ದವು. ಸೀಸನ್ ಕೊನೆಯ ಹೊತ್ತಿಗೆ ಅವು ಇರಲಿಲ್ಲ. ತಿರುವುಗಳೇ ಹೆಚ್ಚಿರುವ ಮೊನಾಕೊ ಟ್ರ್ಯಾಕ್‌ಗೆ ಹಾಕುವ ವಿಂಗ್ ಬೇರೆ, ವೇಗದ ಮೊಂಜಾ ಟ್ರ್ಯಾಕ್‌ಗೆ ಹಾಕುವುದು ಬೇರೆ. ತಂಡದ ಇಬ್ಬರು ಡ್ರೈವರ್‌ಗಳಲ್ಲಿ ಪ್ರಾಸ್ಟ್ ಕಾರಿನ ನಂಬರ್ 11, ಸೆನ್ನಾದು 12. ಒಬ್ಬ ಡ್ರೈವರ್, ಒಂದು ರೇಸ್ ಅಂತ ಹಿಡಿದು ಆ ದಿನದ ಫೋಟೊಗಳನ್ನೇ ಹುಡುಕಿ. ಮ್ಯೂಸಿಯಂ ಫೋಟೊಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಹಳೆಯ ಕಾರನ್ನು ಮತ್ತೆ ಸಿದ್ಧಪಡಿಸುವಾಗ ಟೈರು, ಬೆಲ್ಟು, ಸ್ಟಿಕ್ಕರ್ ಬದಲಾಗಿರುತ್ತವೆ.

ಇನ್ನು ಅಳತೆ. ಸಣ್ಣ ಅಳತೆಯನ್ನೂ ಕರಾರುವಾಕ್ಕಾಗಿ ತೋರಿಸುವ ವರ್ನಿಯರ್ ಕ್ಯಾಲಿಪರ್ ಒಂದಿದ್ದರೆ ಸಾಕು. ಆ ಕಾಲದ ಫಾರ್ಮುಲಾ ಒನ್ ಕಾರುಗಳ ರಿಮ್ (ಟೈರು ಕೂರುವ ಲೋಹದ ಚಕ್ರ) ಅಡ್ಡಳತೆ 13 ಇಂಚು, ಅಂದರೆ ಸುಮಾರು 330 ಮಿ.ಮೀ. 20ರಿಂದ ಭಾಗಿಸಿದರೆ 16.5 ಮಿ.ಮೀ. ಟೈರು ಕೂರುವ ಜಾಗದಲ್ಲಿ ನಿಮ್ಮ ರಿಮ್ ಇಷ್ಟಿದೆಯಾ ನೋಡಿ. ಈ 13 ಇಂಚನ್ನೇ ಫೋಟೊದಲ್ಲೂ ಅಳತೆಗೋಲು ಮಾಡಿಕೊಳ್ಳಬಹುದು. ದೂರದಿಂದ, ನೇರ ಪಕ್ಕದಿಂದ ತೆಗೆದ ಚಿತ್ರ ಆರಿಸಿ. ಅದರಲ್ಲಿ ರಿಮ್ ಎಷ್ಟಿದೆ ಅಳೆಯಿರಿ. ಉಳಿದ ಭಾಗ ರಿಮ್‌ನ ಎಷ್ಟು ಪಟ್ಟು ಇದೆ ಅಂತ ಲೆಕ್ಕ ಹಾಕಿದರೆ ಮೂತಿಯ ಉದ್ದ, ವಿಂಗ್‌ನ ಎತ್ತರ ಎಲ್ಲ ಗೊತ್ತಾಗುತ್ತದೆ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂತಿ ಉಬ್ಬಿದಂತೆ ಕಾಣುತ್ತದೆ, ಅದರಲ್ಲಿ ಅಳೆಯಬೇಡಿ. ಈ ಕಾರಿನ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, 2875 ಮಿ.ಮೀ. ನಿಮ್ಮ ಅಳತೆಗೆ ಇಳಿಸಿದರೆ 144ರ ಹತ್ತಿರ. ಒಂದು ಮಿ.ಮೀ. ಆಚೀಚೆ ಇದ್ದರೆ ಹಾಗೇ ಬಿಡಿ. ಅಷ್ಟಕ್ಕೆ ಬಾಡಿ ಕತ್ತರಿಸುವುದು ಬೇಡ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎತ್ತರ ಮಾತ್ರ ಬಿಡಬೇಡಿ. ನಿಮ್ಮ ಮಾಡೆಲ್‌ನ ತಳ ನೆಲದಿಂದ 5 ಮಿ.ಮೀ. ಮೇಲಿದ್ದರೆ ನಿಜವಾದ ಕಾರಿನಲ್ಲಿ ಅದು 10 ಸೆಂ.ಮೀ. ಆಯಿತು! 1983ರಿಂದ ತಳ ಚಪ್ಪಟೆಯಾಗಿರಬೇಕು ಅನ್ನುವ ನಿಯಮ ಬಂದಿತ್ತು. ಆ ಕಾರುಗಳು ನೆಲ ಸವರಿಕೊಂಡೇ ಓಡುತ್ತಿದ್ದವು. ಸರಿಮಾಡುವುದು ಹೀಗೆ: ಒಂದು ಗಾಜಿನ ಮೇಲೆ 2 ಮಿ.ಮೀ. ದಪ್ಪ ಬರುವಷ್ಟು ಸ್ಟೈರೀನ್ (ಕಿಟ್‌ನಂಥದೇ ಪ್ಲಾಸ್ಟಿಕ್) ಹಾಳೆ ಜೋಡಿಸಿ, ಅದರ ಮೇಲೆ ಕಾರಿನ ತಳ ಇಡಿ. ಫೋಟೊ ನೋಡಿಕೊಂಡು ಒಂದಿಷ್ಟು ಹೆಚ್ಚು ಕಡಿಮೆ ಮಾಡಿ. ಚಕ್ರವನ್ನು ಬಾಡಿಗೆ ಜೋಡಿಸುವ ಸಸ್ಪೆನ್ಶನ್ ತೋಳುಗಳು ಸೇರುವ ತೂತುಗಳನ್ನು ಮೇಲೆ ಕೆಳಗೆ ಸರಿಸಿ, ನಾಲ್ಕೂ ಟೈರು ಗಾಜಿಗೆ ತಾಗುವಂತೆ ನಿಲ್ಲಿಸಿ, ಆಮೇಲೆ ಅಂಟು ಹಾಕಿ. ನಿಧಾನಕ್ಕೆ ಗಟ್ಟಿಯಾಗುವ ಅಂಟೇ ಬೇಕು, ತಿದ್ದಲು ಸಮಯ ಸಿಗುತ್ತದೆ. ಮುಂದಿನ ಚಕ್ರಗಳ ಮೇಲ್ಭಾಗ ಸ್ವಲ್ಪ ಒಳಕ್ಕೆ ವಾಲಿರಲಿ. ತೀರಾ ನೆಟ್ಟಗೆ ನಿಂತ ಚಕ್ರ ಕಾರಿನ ಕಳೆಯನ್ನೇ ಕೆಡಿಸುತ್ತದೆ. ಟೈರಿನ ನಡುವೆ ಅಚ್ಚಿನ ಗೆರೆ ಇದ್ದರೆ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ತೆಗೆಯಿರಿ. ಹೊಳಪೂ ಹೋಗಿ, ಓಡಿದ ಟೈರಿನ ಹಾಗೆ ಕಾಣುತ್ತದೆ.

ಆಮೇಲೆ ದಪ್ಪ. ವಿಂಗ್‌ನ ಎರಡು ತುದಿಯ ಫಲಕಗಳು ಕಿಟ್‌ನಲ್ಲಿ 1 ಮಿ.ಮೀ. ದಪ್ಪ ಇದ್ದರೆ ನಿಜದಲ್ಲಿ 2 ಸೆಂ.ಮೀ. ಹಲಗೆ ಇದ್ದಂತೆ. ಅದೇ ಭಾಗವನ್ನು ಗುರುತಾಗಿಟ್ಟುಕೊಂಡು 0.3 ಮಿ.ಮೀ. ಸ್ಟೈರೀನ್ ಹಾಳೆಯಲ್ಲಿ ಹೊಸದು ಕತ್ತರಿಸಿ. ಕಾಕ್‌ಪಿಟ್‌ನ ಬಾಯಿ, ಗಾಳಿ ಹೋಗುವ ಕಿಂಡಿಗಳಿಗೆ ಇಷ್ಟು ಕೆಲಸ ಬೇಡ. ಅಂಚನ್ನು ಒಳಗಡೆಯಿಂದ ಓರೆಯಾಗಿ ಕೆರೆದರೆ ಹೊರಗಿನಿಂದ ತೆಳ್ಳಗೆ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಮಾಡೆಲ್‌ನಲ್ಲಿ ಪಟ್ಟ ಶ್ರಮಕ್ಕೆ ಅತಿ ಹೆಚ್ಚು ಫಲ ಸಿಗುವುದು ಇಲ್ಲೇ.

ಕಾರ್ಬನ್ ಫೈಬರ್‌ನ ನೇಯ್ಗೆ ತೋರಿಸುವ ಡೀಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ವಿಚಾರದಲ್ಲಿ ಹುಷಾರು. ನಿಜವಾದ ನೇಯ್ಗೆಯ ಎಳೆ 2 ಮಿ.ಮೀ. ಅಗಲ ಅಂದುಕೊಳ್ಳಿ, 1/20ರಲ್ಲಿ ಅದು 0.1 ಮಿ.ಮೀ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ದೊಡ್ಡ ಚೌಕುಳಿಯ ಡೀಕಾಲ್ ಹಾಕುವುದಕ್ಕಿಂತ ಕಡಿಮೆ ಹೊಳಪಿನ ಕಪ್ಪು ಬಣ್ಣವೇ ಸತ್ಯಕ್ಕೆ ಹತ್ತಿರ.

ಇನ್ನು ಬಣ್ಣ. ಈ ಬಿಳಿ-ಕೆಂಪು ಕಾರಿನ ಕೆಂಪು ಮಾಮೂಲಿ ಕೆಂಪಲ್ಲ, ಕಿತ್ತಳೆ ಕಡೆಗೆ ವಾಲುವ ಫ್ಲೋರೊಸೆಂಟ್ ಕೆಂಪು. ಕೆಳಗೆ ಅಚ್ಚ ಬಿಳಿ ಇರದಿದ್ದರೆ ಮಂಕಾಗುತ್ತದೆ. ಬಣ್ಣ ಹೊಡೆಯುವ ಮೊದಲು ಪ್ಯಾನೆಲ್ ಗೆರೆಗಳನ್ನು (ಬಾಡಿಯ ತುಂಡುಗಳು ಕೂಡುವ ಗೆರೆಗಳನ್ನು) ಸ್ಕ್ರೈಬರ್ ಎಂಬ ಗೆರೆ ಕೊರೆಯುವ ಮೊನೆಯಿಂದ ಆಳ ಮಾಡಿ, ಅಗಲ ಮಾಡಬೇಡಿ. ಗೆರೆ ತುಂಬಲು ಕಪ್ಪಿನ ಬದಲು ಬೂದು ಬಳಸಿ. ಬಿಳಿ ಬಾಡಿಯ ಮೇಲೆ ಕಪ್ಪು ಗೆರೆ ಪೆನ್ನಿನಲ್ಲಿ ಎಳೆದಂತೆ ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೂ ದುಡ್ಡು ಹಾಕುವ ಮನಸ್ಸಿದ್ದರೆ ಲೋಹದ ಬಕಲ್ ಇರುವ ಸೀಟ್ ಬೆಲ್ಟ್ ತನ್ನಿ. ಕಾಕ್‌ಪಿಟ್ ತೆರೆದೇ ಇರುವುದರಿಂದ ಅದು ಎದ್ದು ಕಾಣುತ್ತದೆ. ಬಾಡಿ ಮುಚ್ಚಿದ ಮೇಲೆ ಕಾಣದ ಎಂಜಿನ್ ಭಾಗಗಳಿಗೆ ಖರ್ಚು ಯಾಕೆ?

ಪ್ರಶ್ನೆ: ನನ್ನ ಹಳೆಯ ಕಿಟ್‌ನ ಡೀಕಾಲ್ ಹಾಳೆ ಹಳದಿಯಾಗಿದೆ. ಸಿಗರೇಟ್ ಕಂಪನಿಯ ಹೆಸರೂ ಅದರಲ್ಲಿಲ್ಲ. ಏನು ಮಾಡಲಿ?

ಉತ್ತರ: ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿ. ಕೆಲವು ದಿನಗಳಲ್ಲಿ ಹಳದಿ ಇಳಿಯುತ್ತದೆ. ಆಗಾಗ ನೋಡುತ್ತಿರಿ, ಜಾಸ್ತಿ ದಿನ ಬಿಟ್ಟರೆ ಅಸಲಿ ಬಣ್ಣವೂ ಮಾಸಬಹುದು. ಬೇಡದ ಒಂದು ತುಂಡನ್ನು ಮೊದಲು ನೀರಿಗೆ ಹಾಕಿ ಪರೀಕ್ಷಿಸಿ. ಚೂರಾದರೆ, ಇಡೀ ಹಾಳೆಯ ಮೇಲೆ ತೆಳ್ಳಗೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆದು ಒಣಗಿಸಿ ಬಳಸಿ. ತಂಬಾಕು ಜಾಹೀರಾತನ್ನು ಎಷ್ಟೋ ಕಿಟ್‌ಗಳಲ್ಲಿ ಬೇಕೆಂದೇ ಬಿಟ್ಟಿರುತ್ತಾರೆ. ಬೇರೆ ತಯಾರಕರ ಡೀಕಾಲ್ ಹಾಳೆ ಪ್ರತ್ಯೇಕವಾಗಿ ಸಿಗುತ್ತದೆ. ಅಂಟಿಸಿದ ಮೇಲೆ ಲ್ಯಾಕರ್ ಕ್ಲಿಯರನ್ನು ಒಂದೇ ಸಲ ದಪ್ಪಗೆ ಹೊಡೆಯಬೇಡಿ, ಡೀಕಾಲ್ ಸುಕ್ಕಾಗುತ್ತದೆ. ಮೊದಲ ಎರಡು ಮೂರು ಪದರ ಮಂಜಿನಷ್ಟು ತೆಳ್ಳಗಿರಲಿ. ಪ್ರತಿ ಪದರ ಪೂರ್ತಿ ಒಣಗಿದ ಮೇಲೇ ಮುಂದಿನದು.