ಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ರೊಬೊಟಿಕ್ಸ್ ಲ್ಯಾಬ್: ಎರಡು ಲಕ್ಷ ರೂಪಾಯಿ ಹೇಗೆ ಖರ್ಚು ಮಾಡಬೇಕು?

ನೀವು ಕೇಳಿದ್ದು ಇಷ್ಟು. ಮುಧೋಳ ಕಡೆಯ ನಿಮ್ಮೂರಿನ ಸರ್ಕಾರಿ ಹೈಸ್ಕೂಲಿಗಾಗಿ ಹಳೆಯ ವಿದ್ಯಾರ್ಥಿಗಳು ಸೇರಿ ಎರಡು ಲಕ್ಷ ರೂಪಾಯಿ ಕೂಡಿಸಿದ್ದೀರಿ. ರೊಬೊಟಿಕ್ಸ್ ಲ್ಯಾಬ್ ಮಾಡಿಸುವ ಆಸೆ. ಒಂದು ಕಂಪನಿ ಸರಿಯಾಗಿ ಅಷ್ಟೇ ಮೊತ್ತಕ್ಕೆ ಕೊಟೇಶನ್ ಕೊಟ್ಟಿದೆ. ಅದನ್ನು ಒಪ್ಪಬಹುದಾ? ನೀವೆಲ್ಲ ಬೆಂಗಳೂರು, ಪುಣೆಯಲ್ಲಿ ಇರುವಾಗ ಲ್ಯಾಬ್ ನಿಲ್ಲದ ಹಾಗೆ ನೋಡಿಕೊಳ್ಳುವುದು ಹೇಗೆ?

ನಾನು ಬನಹಟ್ಟಿಯಲ್ಲಿ ಹೈಸ್ಕೂಲ್ ವಿಜ್ಞಾನ ಶಿಕ್ಷಕ. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಶನಿವಾರ ಇದೇ ಕೆಲಸ ಮಾಡುತ್ತೇನೆ. ನನ್ನ ಉತ್ತರ: ಪೂರ್ತಿ ದುಡ್ಡು ಒಂದೇ ಸಲ ಕೊಡಬೇಡಿ. ಈ ವರ್ಷ ಸಾಮಾನಿಗೆ ಐವತ್ತು ಅರವತ್ತು ಸಾವಿರ ಸಾಕು. ಅಷ್ಟೇ ದುಡ್ಡನ್ನು ಮುಂದಿನ ವರ್ಷಗಳಲ್ಲಿ ಸುಟ್ಟುಹೋಗುವ, ಮುರಿದುಹೋಗುವ ಸಾಮಾನಿಗೆ ಎತ್ತಿಡಿ. ಉಳಿದದ್ದು ಶಾಲೆಗೆ ಬಂದು ಮಕ್ಕಳ ಜೊತೆ ಕೂರುವವರ ಬಸ್ ಚಾರ್ಜು, ಊಟ, ಗೌರವಧನಕ್ಕೆ.

ಯಾಕೆ ಹೀಗೆ ಹೇಳ್ತಿದ್ದೀನಿ ಅಂದರೆ, ನಮ್ಮ ಶಾಲೆಗಳಲ್ಲಿ ಲ್ಯಾಬ್ ನಿಲ್ಲುವುದು ಸಾಮಾನು ಇಲ್ಲದೆ ಅಲ್ಲ, ಸಾಮಾನು ಕೆಡುತ್ತದೆ ಅನ್ನುವ ಹೆದರಿಕೆಯಿಂದ. ಶಾಲೆಗೆ ಬಂದ ಪ್ರತಿ ವಸ್ತುವೂ ರಿಜಿಸ್ಟರಿಗೆ ಏರುತ್ತದೆ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ (ಶಾಲೆಯ ಕಾಯಂ ವಸ್ತುಗಳ ಪಟ್ಟಿ) ಬರೆದ ಮೇಲೆ ಅದು ಕಳೆದರೆ, ಒಡೆದರೆ ಚಾರ್ಜ್ ಇರುವ ಶಿಕ್ಷಕರು ಉತ್ತರ ಕೊಡಬೇಕು. ವರ್ಗಾವಣೆ ಆದಾಗ ಒಂದೊಂದನ್ನೂ ಎಣಿಸಿ ಒಪ್ಪಿಸಬೇಕು. ಹೀಗಿರುವಾಗ ಎಂಟನೇ ಕ್ಲಾಸಿನ ಹುಡುಗನ ಕೈಗೆ ಬೋರ್ಡು, ಮೋಟರು ಯಾರು ಕೊಡ್ತಾರೆ ಹೇಳಿ? ಕಪಾಟಿಗೆ ಬೀಗ ಬೀಳುತ್ತದೆ. ಯಾರಾದರೂ ಅಧಿಕಾರಿ ಬಂದ ದಿನ ತೆರೆಯುತ್ತದೆ. ಇದರಲ್ಲಿ ಶಿಕ್ಷಕರ ತಪ್ಪಿಲ್ಲ.

ಆದ್ದರಿಂದ ಮೊದಲು ಮುಖ್ಯ ಶಿಕ್ಷಕರ ಜೊತೆ ಕೂತು ಮಾತಾಡಿ. ಲ್ಯಾಪ್‌ಟಾಪ್, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಇಷ್ಟನ್ನು ಡೆಡ್ ಸ್ಟಾಕಿನಲ್ಲಿ ಬರೆಯಲಿ. ಬೋರ್ಡು, ಸೆನ್ಸರ್, ಮೋಟರ್, ವೈರ್, ಸೆಲ್ ಇವೆಲ್ಲ ಕೆಮಿಸ್ಟ್ರಿ ಲ್ಯಾಬಿನ ಆಸಿಡ್ ಹಾಗೆ ಬಳಸಿ ಮುಗಿಯುವ ಸಾಮಾನು ಅಂತ ಬೇರೆ ರಿಜಿಸ್ಟರಿಗೆ ಹೋಗಲಿ. ದಾನದ ಪತ್ರದಲ್ಲೇ ನೀವು ಹಾಗೆ ಬರೆದುಕೊಡಿ: ಇವು ಮಕ್ಕಳು ಬಿಚ್ಚಲಿಕ್ಕೆ, ಜೋಡಿಸಲಿಕ್ಕೆ ಕೊಟ್ಟವು, ಕೆಟ್ಟರೆ ನಾವು ಮತ್ತೆ ಕೊಡಿಸುತ್ತೇವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದಕ್ಕೊಂದು ಠರಾವು ಆಗಲಿ. ಕೀಲಿ ಇಬ್ಬರು ಶಿಕ್ಷಕರ ಹತ್ತಿರ ಇರಲಿ, ಒಬ್ಬರಿಗೆ ವರ್ಗಾವಣೆ ಆದರೆ ಇನ್ನೊಬ್ಬರು ಇರುತ್ತಾರೆ. ಕಾಗದದ ಕೆಲಸ ಅಂತ ಬೇಸರ ಮಾಡಿಕೊಳ್ಳಬೇಡಿ, ನೀವು ಕೊಡುವ ದುಡ್ಡಿಗಿಂತ ಇದರಿಂದ ಜಾಸ್ತಿ ಉಪಕಾರ ಆಗುತ್ತದೆ.

ಈಗ ಸಾಮಾನಿನ ವಿಷಯ. ಆರ್ಡುಯಿನೊ ಊನೊ ಮಾದರಿಯ ಬೋರ್ಡು (ನಾವು ಬರೆದ ಪ್ರೋಗ್ರಾಮಿನ ಪ್ರಕಾರ ನಡೆಯುವ ಪುಟ್ಟ ಕಂಪ್ಯೂಟರ್), ಎರಡು ಬಿಒ ಮೋಟರ್ (ಹಳದಿ ಬಣ್ಣದ ಗೇರ್ ಮೋಟರ್), ಚಕ್ರ, ಎಲ್298ಎನ್ ಮೋಟರ್ ಡ್ರೈವರ್ (ಬೋರ್ಡು ಹೇಳಿದಂತೆ ಮೋಟರಿಗೆ ಕರೆಂಟ್ ಕೊಡುವ ಭಾಗ), ಎಚ್‌ಸಿ-ಎಸ್‌ಆರ್04 ಅನ್ನುವ ದೂರ ಅಳೆಯುವ ಸೆನ್ಸರ್, ಜಂಪರ್ ವೈರ್. ಇಷ್ಟಿದ್ದರೆ ಒಂದು ಗಾಡಿ ಆಗುತ್ತದೆ. ಬಿಡಿಯಾಗಿ ಕೊಂಡರೆ ಒಂದೂವರೆ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ನಾಲ್ಕು ಮಕ್ಕಳಿಗೆ ಒಂದು ಗಾಡಿ ಅಂತ ಲೆಕ್ಕ ಇಟ್ಟುಕೊಳ್ಳಿ. ಹತ್ತು ಮಕ್ಕಳಿಗೆ ಒಂದು ಕೊಟ್ಟರೆ ಇಬ್ಬರು ಮಾಡ್ತಾರೆ, ಎಂಟು ಜನ ನೋಡ್ತಾರೆ. ಮತ್ತೆ ಆ ಇಬ್ಬರು ಸಾಮಾನ್ಯವಾಗಿ ಹುಡುಗರೇ ಆಗಿರ್ತಾರೆ. ಕೋಡ್ ಬರೆಯುವುದು, ವೈರ್ ಜೋಡಿಸುವುದು, ಅಳೆದು ಬರೆದಿಡುವುದು, ಇವನ್ನು ಪ್ರತಿ ವಾರ ಕೈ ಬದಲಿಸಿ ಕೊಡಲು ಶಿಕ್ಷಕರಿಗೆ ಹೇಳಿ. ಇನ್ನೊಂದು, ಸಂಜೆ ಶಾಲೆ ಬಿಟ್ಟ ಮೇಲೆ ಇಡಬೇಡಿ. ಬಸ್ಸು ತಪ್ಪುತ್ತದೆ ಅಂತ ಪಕ್ಕದ ಹಳ್ಳಿಯ ಹುಡುಗಿಯರು ಬರುವುದಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿದ ಕೂಡಲೇ ಇಟ್ಟರೆ ಬರುತ್ತಾರೆ.

ಲ್ಯಾಪ್‌ಟಾಪ್ ಹಳೆಯದಾದರೂ ನಡೆಯುತ್ತದೆ. ನಿಮ್ಮ ಗೆಳೆಯರ ಕಂಪನಿಗಳಲ್ಲಿ ತೆಗೆದುಹಾಕುವ ಲ್ಯಾಪ್‌ಟಾಪ್ ಸಿಗುತ್ತವಾ ಕೇಳಿ. ಆರ್ಡುಯಿನೊ ಸಾಫ್ಟ್‌ವೇರಿಗೆ ಇಂಟರ್‌ನೆಟ್ ಬೇಕಿಲ್ಲ, ಒಂದು ಸಲ ಹಾಕಿಕೊಟ್ಟರೆ ಆಯಿತು. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಸಿಎಚ್340 ಅನ್ನುವ ಚಿಪ್ ಇರುತ್ತದೆ. ಅದರ ಡ್ರೈವರ್ (ಇದು ಲ್ಯಾಪ್‌ಟಾಪಿಗೆ ಹಾಕುವ ಸಾಫ್ಟ್‌ವೇರ್) ಇಲ್ಲದಿದ್ದರೆ ಲ್ಯಾಪ್‌ಟಾಪಿಗೆ ಬೋರ್ಡು ಕಾಣುವುದೇ ಇಲ್ಲ. ಬೋರ್ಡು ಕೆಟ್ಟಿದೆ ಅಂತ ಎತ್ತಿಟ್ಟುಬಿಡುತ್ತಾರೆ. ಆ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ಹಾಕಿ ಶಾಲೆಯಲ್ಲೇ ಇಡಿ. ಕೇಬಲ್ ಕೂಡ ನೋಡಿ ಕೊಳ್ಳಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗಿನ ತಂತಿ ಮಾತ್ರ ಇರುತ್ತದೆ, ಡೇಟಾ ಹೋಗುವ ತಂತಿ ಇರುವುದಿಲ್ಲ.

ಬ್ಯಾಟರಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮಕ್ಕಳ ಉತ್ಸಾಹ ಆರಿಹೋಗುವುದು ಇಲ್ಲೇ. ಎಷ್ಟೋ ಕಿಟ್‌ಗಳ ಜೊತೆ ಚೌಕಾಕಾರದ ಸಣ್ಣ 9 ವೋಲ್ಟ್ ಬ್ಯಾಟರಿ ಕೊಡುತ್ತಾರೆ. ಕೇಬಲ್ ಹಾಕಿದಾಗ ಬೋರ್ಡಿನ ದೀಪ ಚೆನ್ನಾಗಿ ಉರಿಯುತ್ತದೆ. ಕೇಬಲ್ ತೆಗೆದು ಗಾಡಿಯನ್ನು ನೆಲಕ್ಕೆ ಇಟ್ಟರೆ ಚಕ್ರ ಒಮ್ಮೆ ಜಗ್ಗಿ ನಿಲ್ಲುತ್ತದೆ. ದೀಪ ಆರಿ ಮತ್ತೆ ಹತ್ತುತ್ತದೆ. ಮತ್ತೆ ಜಗ್ಗುತ್ತದೆ, ಮತ್ತೆ ಆರುತ್ತದೆ. ಮಕ್ಕಳು ಕೋಡ್ ತಪ್ಪಿದೆ ಅಂತ ಹುಡುಕುತ್ತಾ ಕೂರುತ್ತಾರೆ. ಕೋಡ್ ಸರಿಯಾಗೇ ಇರುತ್ತದೆ. ಮೋಟರ್ ಶುರುವಾಗುವಾಗ ಜೋರಾಗಿ ಕರೆಂಟ್ ಎಳೆಯುತ್ತದೆ, ಆ ಸಣ್ಣ ಬ್ಯಾಟರಿಯ ಒಳಗಿನ ರೋಧ ಜಾಸ್ತಿ, ವೋಲ್ಟೇಜ್ ಕುಸಿಯುತ್ತದೆ, ಬೋರ್ಡು ರೀಸೆಟ್ ಆಗುತ್ತದೆ. ಇದರ ಮೇಲೆ ಎಲ್298ಎನ್ ತಾನೇ ಎರಡು ವೋಲ್ಟಿನಷ್ಟು ತಿಂದುಹಾಕುತ್ತದೆ.

ನಾವು ಗೋಡೆ ಗಡಿಯಾರಕ್ಕೆ ಹಾಕುವ ಅಳತೆಯ, ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಬಳಸುತ್ತೇವೆ. ಒಂದು 1.2 ವೋಲ್ಟ್, ಆರು ಸೇರಿದರೆ 7.2. ಲಿಥಿಯಂ ಸೆಲ್‌ಗಳಿಗೆ ಇನ್ನೂ ಶಕ್ತಿ ಇದೆ ನಿಜ, ಆದರೆ ಶಾರ್ಟ್ ಆದರೆ ಬೆಂಕಿ ಹೊತ್ತಬಹುದು. ಮಕ್ಕಳ ಕೈಗೆ ಮೊದಲ ವರ್ಷ ಅವು ಬೇಡ. ಒಳ್ಳೆಯ ಚಾರ್ಜರಿಗೆ ದುಡ್ಡು ಹಾಕಿ. ಮೋಟರಿನ ಬ್ಯಾಟರಿ ತೋರಿಸಿಯೇ ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಪಾಠ ಮಾಡಬಹುದು. ಸಿಲೆಬಸ್ ಮುಗಿಯಲ್ಲ ಅನ್ನುವ ಮುಖ್ಯ ಶಿಕ್ಷಕರಿಗೆ ಇದನ್ನೇ ಹೇಳಿ.

ದೂರ ಅಳೆಯುವ ಸೆನ್ಸರ್ ಕೂಡ ಹಾಗೇ, ಒಂಬತ್ತನೇ ಕ್ಲಾಸಿನ ಶಬ್ದದ ಪಾಠ ಅದರೊಳಗೇ ಇದೆ. ಅದು ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಶಬ್ದ ಕಳಿಸಿ, ಪ್ರತಿಧ್ವನಿ ಬರುವವರೆಗಿನ ಸಮಯ ಅಳೆಯುತ್ತದೆ. ನಮ್ಮ ಮಕ್ಕಳು ಮಾಡಿದ ಗಾಡಿ ಗೋಡೆ ಕಂಡರೆ ನಿಲ್ಲುತ್ತಿತ್ತು. ಸ್ಟಾಫ್ ರೂಮಿನ ಬಾಗಿಲ ಪರದೆ ಕಂಡರೆ ನಿಲ್ಲಲಿಲ್ಲ, ಸೀದಾ ಒಳಗೆ ಹೋಯಿತು. ಬಟ್ಟೆ ಶಬ್ದವನ್ನು ಹೀರಿಕೊಳ್ಳುತ್ತದೆ ಅಂತ ಅವತ್ತು ನಾನು ಬಾಯಿಬಿಟ್ಟು ಹೇಳುವ ಮೊದಲೇ ಅವರು ರಟ್ಟು, ಹಲಗೆ, ಕೌದಿ ಎಲ್ಲ ಹಿಡಿದು ನೋಡಿದರು. ಬೇಸಿಗೆಯಲ್ಲಿ ಇನ್ನೊಂದು ಮಾಡಿಸಿ. ಪ್ರೋಗ್ರಾಮಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್ ಅಂತ ಇರುತ್ತದೆ, ಅದು 20 ಡಿಗ್ರಿ ಸೆಲ್ಸಿಯಸ್‌ಗೆ ಸರಿ. ನಮ್ಮ ಬಾಗಲಕೋಟೆಯ 40 ಡಿಗ್ರಿ ಬಿಸಿಲಲ್ಲಿ ವೇಗ 355ರ ಹತ್ತಿರ ಹೋಗುತ್ತದೆ. ಟೇಪ್ ಹಿಡಿದು ಒಂದು ಮೀಟರ್ ದೂರದಲ್ಲಿ ಹಲಗೆ ಇಟ್ಟರೆ ಸೆನ್ಸರ್ 96-97 ಸೆಂಟಿಮೀಟರ್ ತೋರಿಸುತ್ತದೆ. ಆ ಮೂರು ಸೆಂಟಿಮೀಟರ್ ಎಲ್ಲಿ ಹೋಯಿತು ಅಂತ ಹುಡುಕುವ ಮಕ್ಕಳ ಮುಖ ನೀವು ನೋಡಬೇಕು.

ಗಾಡಿ ಓಡಿಸಿದ ಮೇಲೆ ಏನು ಅನ್ನುವ ಪ್ರಶ್ನೆ ಬರುತ್ತದೆ. ಯೂಟ್ಯೂಬಿನ ಪ್ರಾಜೆಕ್ಟ್ ಮಾಡಿಸಬೇಡಿ, ಊರಿನಲ್ಲೇ ಹುಡುಕಿಸಿ. ನಮ್ಮ ಕಡೆ ಪವರ್‌ಲೂಮ್ ಜಾಸ್ತಿ. ಲಾಳಿ ಓಡುವಾಗ ಹೊಕ್ಕಿನ ದಾರ (ಅಡ್ಡ ದಾರ) ಕಡಿದರೆ ಮಗ್ಗ ತಾನಾಗೇ ನಿಲ್ಲುತ್ತದೆ. ಪಕ್ಕದಲ್ಲಿ ಹಲ್ಲುಗಳಿರುವ ಒಂದು ಸಣ್ಣ ಕಡ್ಡಿ ಇರುತ್ತದೆ. ದಾರ ಇದ್ದರೆ ಅದು ಕಡ್ಡಿಯನ್ನು ಒತ್ತಿ ಓರೆ ಮಾಡುತ್ತದೆ. ದಾರ ಇಲ್ಲದಿದ್ದರೆ ಕಡ್ಡಿ ಓರೆಯಾಗದೆ ಕೊಕ್ಕೆಗೆ ಸಿಕ್ಕಿ ಮಗ್ಗವನ್ನು ಬಂದ್ ಮಾಡಿಸುತ್ತದೆ. ಕೋಡಿನಲ್ಲಿ ಇಫ್, ಎಲ್ಸ್ (ಹೀಗಿದ್ದರೆ ಇದು ಮಾಡು, ಇಲ್ಲದಿದ್ದರೆ ಅದು ಮಾಡು) ಪಾಠ ಮಾಡುವಾಗ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಇದು ನಮ್ಮ ಮಗ್ಗದ ಕಡ್ಡಿ ಮಾಡೂ ಕೆಲಸಾನ ಅಲ್ರಿ?" ಅಂದಳು. ಹೌದು, ಅದೇ. ಅವತ್ತಿನಿಂದ ನಾನು ಆ ಪಾಠವನ್ನು ಮಗ್ಗದಿಂದಲೇ ಶುರು ಮಾಡುತ್ತೇನೆ. ನಿಮ್ಮ ಕಡೆ ಕಬ್ಬು. ಕರೆಂಟ್ ಬಂದ ಕೂಡಲೇ ಬೋರ್‌ವೆಲ್ ಮೋಟರ್ ಚಾಲೂ ಮಾಡುವ ಆಟೋ ಸ್ಟಾರ್ಟರ್ ನಿಮ್ಮ ಮಕ್ಕಳಿಗೆ ಗೊತ್ತಿರುತ್ತದೆ. ಅದು ಏನನ್ನು ನೋಡುತ್ತದೆ, ಏನು ತೀರ್ಮಾನ ಮಾಡುತ್ತದೆ ಅಂತ ಅಲ್ಲಿಂದ ಶುರು ಮಾಡಲಿ. ಮಣ್ಣಿನ ತೇವ ಅಳೆಯುವುದು, ಶಾಲೆಯ ಟ್ಯಾಂಕ್ ತುಂಬಿದರೆ ಬಜರ್ ಕೂಗಿಸುವುದು, ಇಂಥವು ನಡೆಯುತ್ತವೆ. ತೇವದ ಸೆನ್ಸರ್ ಕೆಪ್ಯಾಸಿಟಿವ್ ಮಾದರಿಯದ್ದೇ ಇರಲಿ, ಬರಿ ತಾಮ್ರದ ಎರಡು ಕಾಲಿನದ್ದು ಮಣ್ಣಲ್ಲಿ ಬೇಗ ಸವೆದುಹೋಗುತ್ತದೆ. ಒಂದು ನಿಯಮ ಮಾತ್ರ ಕಟ್ಟುನಿಟ್ಟು: 230 ವೋಲ್ಟಿನ ತಂತಿಗೆ ಮಕ್ಕಳ ಕೈ ಹೋಗಬಾರದು. ನಿಜವಾದ ಪಂಪ್‌ಸೆಟ್ಟಿಗೆ ಜೋಡಿಸುವ ಆಸೆ ಬಂದೇ ಬರುತ್ತದೆ, ಅದಕ್ಕೆ ಒಪ್ಪಬೇಡಿ.

ಕನ್ನಡ ಮಾಧ್ಯಮದ ಮಕ್ಕಳಿಗೆ ಕೋಡ್ ಕಷ್ಟ ಆಗುತ್ತಾ ಅಂತ ಎಲ್ಲರೂ ಕೇಳ್ತಾರೆ. ಬೇಕಾಗುವ ಇಂಗ್ಲಿಷ್ ಪದಗಳು ಕೆಲವೇ, ಕಲಿತುಬಿಡುತ್ತಾರೆ. ಎರಡು ಓರೆಗೆರೆ ಹಾಕಿ ಮುಂದೆ ಕಾಮೆಂಟನ್ನು ಕನ್ನಡದಲ್ಲೇ ಬರೆಯಬಹುದು. ಪ್ರತಿ ಸಾಲು ಏನು ಮಾಡುತ್ತದೆ ಅಂತ ಅವರ ಮಾತಲ್ಲೇ ಬರೆಸಿ. ಯಾರಿಗೆ ಅರ್ಥ ಆಗಿದೆ, ಯಾರು ಸುಮ್ನೆ ನಕಲು ಮಾಡಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನು ದೂರದಲ್ಲಿರುವ ನೀವು ಮಾಡಬೇಕಾದ್ದು. ಬೆಂಗಳೂರಿನವರು ಎಸ್‌ಪಿ ರೋಡಿಗೆ, ಪುಣೆಯವರು ಬುಧವಾರ ಪೇಠೆಗೆ ಹೋಗಿ ಬಿಡಿ ಸಾಮಾನು ತಂದು ಬಸ್ ಪಾರ್ಸೆಲ್ಲಿಗೆ ಹಾಕಿ. ಶಿಕ್ಷಕರು ಕೇಳಿದ ಸಾಮಾನು ಒಂದೆರಡು ವಾರದಲ್ಲಿ ಬಂದರೆ ಕ್ಲಾಸು ನಡೆಯುತ್ತದೆ, ಎರಡು ತಿಂಗಳಾದರೆ ಮಕ್ಕಳು ಮರೆತುಬಿಡುತ್ತಾರೆ. ಬಿಒ ಮೋಟರಿನ ತಾಮ್ರದ ಕಿವಿ ವೈರ್ ಜಗ್ಗಿದರೆ ಕಿತ್ತುಬರುತ್ತದೆ, ಹಾಗಾಗಿ ಮೋಟರ್ ಎರಡು ಪಟ್ಟು ಕಳಿಸಿ. ಸಾಮಾನು ಇಡಲಿಕ್ಕೆ ಮುಚ್ಚಳ ಇರುವ ತಗಡಿನ ಡಬ್ಬಿ ಕೊಡಿಸಿ. ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ ಬೇಸಿಗೆ ರಜೆಯಲ್ಲಿ ಇಲಿ ವೈರ್ ಕಡಿದು ಹಾಕುತ್ತವೆ. ಒಂದು ವಾಟ್ಸಾಪ್ ಗ್ರೂಪ್ ಮಾಡಿ. ಗಾಡಿ ನಡೆಯದಿದ್ದರೆ ಮಕ್ಕಳು ವಿಡಿಯೊ ಹಾಕಲಿ. ನಿಮ್ಮಲ್ಲಿ ಒಬ್ಬೊಬ್ಬರು ಒಂದೊಂದು ವಾರ ಉತ್ತರ ಕೊಡುವ ಪಾಳಿ ಹಚ್ಚಿಕೊಳ್ಳಿ. ಉತ್ತರ ನೇರ ಹೇಳಬೇಡಿ, ಮಲ್ಟಿಮೀಟರ್ ಎಲ್ಲಿ ಇಟ್ಟು ನೋಡಬೇಕು ಅನ್ನುವುದಷ್ಟೇ ಹೇಳಿ.

ಶಾಲೆಗೆ ಬಂದು ಕೂರುವವರು ಯಾರು? ಬಾಗಲಕೋಟೆಯಲ್ಲಿ 1963ರಿಂದ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಇದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಎಂಜಿನಿಯರಿಂಗ್ ವಿದ್ಯಾರ್ಥಿಗಳು ಡಿಗ್ರಿ ಮುಗಿಸುವಷ್ಟರಲ್ಲಿ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು, ಊರಿನ ಶಾಲೆಗಳಿಗೆ ನೆರವಾಗುವುದೂ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಜಿಲ್ಲೆಯ ಕಾಲೇಜುಗಳಿಗೆ ಪತ್ರ ಬರೆಯಿರಿ. ಹಾಗೇ ನಿಮ್ಮೂರಿನ ಮೊಬೈಲ್ ರಿಪೇರಿ ಅಂಗಡಿಯವರನ್ನು ಮರೆಯಬೇಡಿ. ಸೋಲ್ಡರಿಂಗ್ ಕಲಿಸಲಿಕ್ಕೆ ಅವರಿಗಿಂತ ಒಳ್ಳೆ ಗುರು ನನಗೆ ಸಿಕ್ಕಿಲ್ಲ.

ಸರ್ಕಾರದ ಕಡೆಯಿಂದ ಎರಡು ದಾರಿ ಇವೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಶುರುವಾಯಿತು. ಆಯ್ಕೆಯಾದ ಶಾಲೆಗೆ 20 ಲಕ್ಷದವರೆಗೆ ಕೊಡುತ್ತಿತ್ತು, ಅರ್ಧ ಲ್ಯಾಬ್ ಕಟ್ಟಲಿಕ್ಕೆ, ಅರ್ಧ ಐದು ವರ್ಷ ನಡೆಸಲಿಕ್ಕೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಇಂಥ ಲ್ಯಾಬ್ ಮಾಡುವುದಾಗಿ ಹೇಳಿದ್ದಾರೆ. ಅರ್ಜಿ ಕರೆದಾಗ ತಪ್ಪದೆ ಹಾಕಿಸಿ. ಇನ್ನೊಂದು ಇನ್‌ಸ್ಪೈರ್ ಮಾನಕ್, ಮಕ್ಕಳ ಹೊಸ ಐಡಿಯಾಗಳಿಗೆ ದುಡ್ಡು ಕೊಡುವ ಕೇಂದ್ರದ ಯೋಜನೆ. ಶಾಲೆಯಿಂದ ಐದು ಮಕ್ಕಳ ಐಡಿಯಾ ಕಳಿಸಬಹುದು. ಆಯ್ಕೆಯಾದ ಮಗುವಿನ ಖಾತೆಗೇ 10,000 ರೂಪಾಯಿ ಬರುತ್ತದೆ. ದೊಡ್ಡ ದೊಡ್ಡ ರೊಬೊಟ್ ಸ್ಪರ್ಧೆಗಳ ಫೀಸು, ಓಡಾಟ ಎಲ್ಲ ಸೇರಿ ತುಂಬಾ ದುಡ್ಡು ಹಿಡಿಯುತ್ತವೆ, ಅದೂ ನಾಲ್ಕು ಮಕ್ಕಳಿಗಾಗಿ. ಮೊದಲ ಎರಡು ವರ್ಷ ಆ ಕಡೆ ಹೋಗಬೇಡಿ. ಶಾಲೆ ಅಂಗಳದಲ್ಲೇ ತಾಯಿ ತಂದೆಯರನ್ನು ಕರೆದು ತೋರಿಸಿ.

ಕೊನೆಗೆ ಆ ಕೊಟೇಶನ್. ಅದರಲ್ಲಿ 3ಡಿ ಪ್ರಿಂಟರ್ ಇದ್ದರೆ ತೆಗೆಸಿ. ಸಣ್ಣ ವಸ್ತುವಿಗೂ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಮಾಡಿದ್ದು ಹಾಳು. ಆಮೇಲೆ ಕಂಪನಿಯವರಿಗೆ ಮೂರು ಮಾತು ಕೇಳಿ. ಒಂದು ಭಾಗ ಸುಟ್ಟರೆ ಅದೊಂದನ್ನೇ ಹೊರಗಿನ ಅಂಗಡಿಯಲ್ಲಿ ಕೊಂಡು ಹಾಕಬಹುದಾ, ಇಲ್ಲ ನಿಮ್ಮ ಹತ್ತಿರವೇ ಬರಬೇಕಾ? ಸಾಫ್ಟ್‌ವೇರಿಗೆ ವರ್ಷ ವರ್ಷ ದುಡ್ಡು ಕಟ್ಟಬೇಕಾ? ನಿಮ್ಮ ಟ್ರೇನರ್ ಎರಡು ದಿನ ಬಂದು ಹೋಗ್ತಾರಾ, ವರ್ಷಪೂರ್ತಿ ತಿಂಗಳಿಗೊಮ್ಮೆ ಬರ್ತಾರಾ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಅವರಿಂದ ಸಣ್ಣ ಮಟ್ಟದಲ್ಲಿ ತೆಗೆದುಕೊಳ್ಳಿ. ಬರದಿದ್ದರೆ ಎರಡು ಗಾಡಿಗೆ ಆಗುವಷ್ಟು ಬಿಡಿ ಸಾಮಾನು ಈಗಲೇ ಕಳಿಸಿ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಮೊದಲು ಶಿಕ್ಷಕರು ತಾವೇ ಒಂದನ್ನು ಬಿಚ್ಚಿ ಜೋಡಿಸಿ ನೋಡಲಿ. ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಅವರಿಂದಲೇ ಕೇಳಿ ತಿಳಿದು, ಮಿಕ್ಕ ಸಾಮಾನಿನ ಪಟ್ಟಿಯನ್ನು ಆಮೇಲೆ ಮಾಡಿ.