ಈರುಳ್ಳಿಯಲ್ಲಿರುವ ಫ್ಲೇವನಾಯ್ಡ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದಂತೆ, ನಿಜವೇ? ಡಿಎನ್‌ಎಗೆ ಅದು ಏನು ಮಾಡುತ್ತದೆ?

ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮಟ್ಟಿಗೆ ನಿಜ. ಊಟದ ತಟ್ಟೆಯ ಬಗ್ಗೆ ಹಾಗೆ ಹೇಳಲಾಗದು.

ಫ್ಲೇವನಾಯ್ಡ್ ಅಂದರೆ ಬಣ್ಣಕ್ಕೆ, ಬಿಸಿಲಿನಿಂದ ಕಾಪಾಡಿಕೊಳ್ಳಲು ಗಿಡ ತಾನೇ ತಯಾರಿಸಿಕೊಳ್ಳುವ ಒಂದು ಬಗೆಯ ರಾಸಾಯನಿಕ. ಈರುಳ್ಳಿಯಲ್ಲಿರುವುದು ಕ್ವೆರ್ಸೆಟಿನ್. ಸಿಪ್ಪೆ ಕುದಿಸಿದರೆ ನೀರು ಹಳದಿಯಾಗುತ್ತಲ್ವಾ, ಆ ಬಣ್ಣದಲ್ಲಿ ಅದರ ಪಾಲು ದೊಡ್ಡದು.

ಕೋಶ ಎರಡಾಗುವ ಮುಂಚೆ ಡಿಎನ್‌ಎ ನಕಲಾಗಬೇಕು. ಆಗ ಆ ಉದ್ದನೆಯ ಎಳೆ ದಾರದುಂಡೆಯ ಹಾಗೆ ಸಿಕ್ಕಾಗುತ್ತದೆ. ಸಿಕ್ಕು ಬಿಡಿಸಲು ಟೋಪೋಐಸೋಮರೇಸ್-2 ಎಂಬ ಕಿಣ್ವ ಇದೆ. ಅದು ಒಂದು ಕಡೆ ಡಿಎನ್‌ಎ ಕತ್ತರಿಸಿ, ಆ ಸಂದಿಯಲ್ಲಿ ಇನ್ನೊಂದು ಭಾಗವನ್ನು ತೂರಿಸಿ, ಮತ್ತೆ ಬೆಸೆಯುತ್ತದೆ. ಕ್ವೆರ್ಸೆಟಿನ್ ಅಡ್ಡ ಬರುವುದು ಸರಿಯಾಗಿ ಬೆಸೆಯುವ ಹೊತ್ತಿಗೆ. ಕತ್ತರಿಸಿದ ತುದಿಗಳು ಹಾಗೇ ಉಳಿಯುತ್ತವೆ. ಇಂಥ ಕಡಿತಗಳು ಜಾಸ್ತಿಯಾದರೆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಬೇಗ ಬೇಗ ಎರಡಾಗುವ ಕ್ಯಾನ್ಸರ್ ಕೋಶಗಳಲ್ಲಿ ಈ ಕಿಣ್ವ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಹಾಗಾಗಿ ಪೆಟ್ಟೂ ಹೆಚ್ಚು. ಕೀಮೋಥೆರಪಿಯಲ್ಲಿ ಕೊಡುವ ಎಟೊಪೊಸೈಡ್ ಕೆಲಸ ಮಾಡುವುದೂ ಇದೇ ದಾರಿಯಲ್ಲಿ.

ತೊಡಕಿರುವುದು ಪ್ರಮಾಣದಲ್ಲಿ. ಲ್ಯಾಬಿನಲ್ಲಿ ಕೋಶಗಳ ಮೇಲೆ ಹಾಕುವಷ್ಟು ಕ್ವೆರ್ಸೆಟಿನ್ ಊಟದಿಂದ ರಕ್ತಕ್ಕೆ ಸೇರುವುದೇ ಇಲ್ಲ. ಕರುಳು, ಲಿವರ್ ಎರಡೂ ಸೇರಿ ಅದರ ರೂಪ ಬದಲಾಯಿಸಿ ಹೊರಗೆ ಸಾಗಹಾಕುತ್ತವೆ. ಹಾಗಂತ ಸುಮ್ನೆ ಕ್ವೆರ್ಸೆಟಿನ್ ಮಾತ್ರೆ ನುಂಗಲು ಹೋಗಬೇಡಿ. ಇದೇ ಕಿಣ್ವ ನಮ್ಮ ಆರೋಗ್ಯವಂತ ಕೋಶಗಳಲ್ಲೂ ಇದೆ. ಕೀಮೋ ನಡೆಯುತ್ತಿದ್ದರಂತೂ ಡಾಕ್ಟರನ್ನು ಕೇಳದೆ ಬೇಡವೇ ಬೇಡ. ಸಾರಿಗೆ ಹಾಕುವ ಈರುಳ್ಳಿಗೆ ಈ ಯೋಚನೆ ಏನೂ ಬೇಕಿಲ್ಲ.